ಹಳದಿ ಚಾದರ

ಮೂವತ್ತೊಂದು ವರ್ಷ ಇದರ ಬುಡದಲ್ಲೇ ಸೈಕಲ್ ತುಳಿದೆ
ಕಾಗದದ ಚೀಲ ಹೇರಿಕೊಂಡು;
ಹತ್ತಲಿಲ್ಲ ಒಮ್ಮೆಯೂ.
ಮೇಲೆ ಯಾರಿಗೂ ಟಪಾಲು ಬರುತ್ತಿರಲಿಲ್ಲವಲ್ಲ.

ನಿವೃತ್ತಿಯ ದಿನ ಅಂಚೆಮನೆಯವರು ಕೈಗಿತ್ತದ್ದು
ಒಂದು ಹೂಗುಚ್ಛ, ಗೋಪುರ ಹತ್ತಲೊಂದು ಟಿಕೆಟ್ಟು.
‘ನಾನೂರ ಅರವತ್ತೈದು ಮೆಟ್ಟಿಲು, ಬೌಕೆ,’ ಅಂದಳು ವಿಟ್ಸ್ಕೆ,
‘ನಿನ್ನ ಮೊಣಕಾಲಿಗೆ ನಾನು ಜವಾಬ್ದಾರಳಲ್ಲ.
ಅಟ್ಟದ ಕಿಟಕಿಗೆ ಹಳದಿ ಚಾದರ ಇಳಿಬಿಟ್ಟಿರುತ್ತೇನೆ,
ಕಂಡರೆ ಕೈ ಬೀಸು.’

ಸುತ್ತು ಮೆಟ್ಟಿಲು. ಪ್ರತಿ ಕಲ್ಲೂ ನಡುವೆ ಸವೆದು
ಪುಟ್ಟ ದೋಣಿ.
ಮುಂದೆ ಗೈಡ್ ಸೂಫ್ಯಾನ್, ಕನಾಲೆನ್‌ಐಲಂಡಿನ ಹುಡುಗ.
ನನ್ನ ಮೊದಲೆರಡು ವರ್ಷ ಆ ಬಡಾವಣೆಯಲ್ಲೇ;
ಅವನ ತಾತನಿಗೆ ಮೊರಾಕ್ಕೊದಿಂದ ಬರುತ್ತಿದ್ದ
ಕೆಂಪು-ನೀಲಿ ಅಂಚಿನ ಲಕೋಟೆ ಕೊಟ್ಟವನು ನಾನೇ ಇರಬೇಕು.
ಮನೆತನದ ಹೆಸರು ಹೇಳಿದ್ದೇ ತಡ
ಮನೆ ನಂಬರು ನಾಲಿಗೆ ತುದಿಗೆ ಬಂತು.
ನೂರಿಪ್ಪತ್ತಕ್ಕೆ ಏದುಸಿರು, ಇನ್ನೂರಕ್ಕೆ ಹಟ,
ಆಮೇಲೆ ಲೆಕ್ಕ ಬಿಟ್ಟೆ.

ಗಂಟೆಗಳ ಅಟ್ಟ.
ತೊಲೆಗಳ ನಡುವೆ ದೊಡ್ಡದು, ಎಂಟು ಟನ್ನಿನದು,
ಐನೂರು ವರ್ಷದ ಕತ್ತಲನ್ನು ಬಾಯಲ್ಲಿಟ್ಟುಕೊಂಡು
ಸುಮ್ಮನೆ ತೂಗುಬಿದ್ದಿದೆ.
ಇವತ್ತಿಗೂ ಹಗ್ಗ ಹಿಡಿದು ಊರವರೇ ಎಳೆಯುವುದಂತೆ:
ಒಬ್ಬಾಕೆ ಹಲ್ಲಿನ ಡಾಕ್ಟರು, ಇಬ್ಬರು ಮೇಷ್ಟ್ರು, ಒಬ್ಬ ಟ್ರಾಮ್ ಓಡಿಸುವವ.
‘ಮುಟ್ಟಬಹುದಾ?’
‘ಬೆರಳ ಗೆಣ್ಣಿನಿಂದ, ಮೆಲ್ಲಗೆ.’

ನನಗೆ ಗೊತ್ತಿದ್ದದ್ದು ಒಂದೇ ಬಗೆಯ ತಟ್ಟು:
ರುಜು ಹಾಕಿಸಿಕೊಳ್ಳಬೇಕಾದ ರಿಜಿಸ್ಟರ್ ಕಾಗದದ್ದು,
ಎರಡು ಬೇಗ, ಒಂದು ತಡೆದು.
ತಟ್ಟಿದೆ.
ಒಳಗೆ ಬಲು ದೂರದಲ್ಲಿ
ಯಾರೋ ಮುದುಕಿ ಕುರ್ಚಿ ಬಿಟ್ಟೆದ್ದು
ಚಪ್ಪಲಿ ಎಳೆಯುತ್ತ ಹೊರಟ ಸದ್ದು.
ಬಂದಳು, ಬಂದಳು, ಬರುತ್ತಲೇ ಇದ್ದಳು,
ಬಾಗಿಲವರೆಗೆ ಮಾತ್ರ ತಲುಪಲಿಲ್ಲ.
ಎಲ್ಲರೂ ಉಸಿರು ಹಿಡಿದು ನಿಂತೆವು.
ಇಂಥ ಮನೆಗಳ ಮುಂದೆ ಕಾಯಬೇಕು. ಅದು ನನಗೆ ಗೊತ್ತು.

ತುದಿ. ಗಾಳಿ ನೇರ ಟೋಪಿಗೇ ಕೈ ಹಾಕಿತು.
ಇದೇ ಗಾಳಿಯ ಮುತ್ತಜ್ಜ
ಸಾವಿರದ ಆರುನೂರ ಎಪ್ಪತ್ತನಾಲ್ಕರ ಒಂದು ಸಂಜೆ
ಇಗರ್ಜಿಯ ನಡುಮೈಯನ್ನೇ ಕೆಡವಿದ್ದು.
ಗೋಪುರ ಇತ್ತ, ಪೂಜಾವೇದಿ ಅತ್ತ, ಮಧ್ಯೆ ಬಯಲು;
ಬಯಲಲ್ಲಿ ಮರ, ಮರದಡಿ ಐಸ್‌ಕ್ರೀಮ್ ನೆಕ್ಕುವ ಮಕ್ಕಳು.
ಮತ್ತೆ ಯಾರೂ ಜೋಡಿಸಹೋಗಲಿಲ್ಲ.

ಉಳಿದವರು ದಿಗಂತ ಹುಡುಕುತ್ತಿದ್ದರು:
ಅಗೋ ಆಮ್‌ಸ್ಟರ್‌ಡ್ಯಾಮ್, ಅಲ್ಲಿ ಮಸುಕಾಗಿ ರಾಟರ್‌ಡ್ಯಾಮ್.
ನಾನು ಕೆಳಗೆ ನೋಡಿದೆ.
ನನ್ನ ಉಟ್ರೆಕ್ಟಿಗೆ ಬಾಗಿಲುಗಳೇ ಇಲ್ಲ!
ಬರೀ ಹೆಂಚು, ಚಿಮಣಿ, ಕಾಲುವೆಯ ಹಸಿರು ಗೀರು.
ಯಾವ ಮನೆಯ ನಾಯಿ ಯಾವ ಕಾಲಿಗೆ ಬಾಯಿ ಹಾಕುವುದೆಂದು ಬಲ್ಲವನು
ನಿನ್ನೆ ಬಂದಿಳಿದ ಪರದೇಶಿಯಂತೆ ಪಿಳಿಪಿಳಿ ಕಣ್ಣುಬಿಟ್ಟೆ.
ನನ್ನ ಮನೆಯೆಲ್ಲಿ, ಬೇಕರಿಯೆಲ್ಲಿ,
ನೀರಿನ ಮಟ್ಟದ ನೆಲಮಾಳಿಗೆಗೆ ಜಾರುತ್ತ ಇಳಿಯುತ್ತಿದ್ದ
ಆ ಪಾಚಿ ಮೆಟ್ಟಿಲೆಲ್ಲಿ?

ಆಗ ಕಂಡಿತು
ಹೆಂಚುಗಳ ಸಂದಿಯಲ್ಲಿ
ಅಂಚೆಚೀಟಿಯಷ್ಟು ಹಳದಿ.
ಎರಡೂ ಕೈಯೆತ್ತಿ ಬೀಸಿದೆ, ನಾಚಿಕೆ ಬಿಟ್ಟು.
ಸೂಫ್ಯಾನನೂ ಬೀಸಿದ; ಜಪಾನಿನ ಗಂಡಹೆಂಡಿರೂ ಬೀಸಿದರು
ಯಾರಿಗೆಂದು ಕೇಳದೆ.

ಮನೆಗೆ ಬಂದರೆ ವಿಟ್ಸ್ಕೆ ಹಣೆ ಚಚ್ಚಿಕೊಂಡಳು:
‘ಅಯ್ಯೋ, ಮರೆತೇಬಿಟ್ಟೆ ನೋಡು,
ಒಗೆದದ್ದು ಮಷೀನಿನಲ್ಲೇ ಉಳಿದುಹೋಯಿತು!’

ರಾತ್ರಿ ನಿದ್ದೆಯಿಲ್ಲ; ಮೊಣಕಾಲು ಒಂದು ನೆಪ.
ಕಾಲುವೆಯಿಂದ ಎಣಿಸುತ್ತ ಹೋದೆ:
ಎರಡನೇ ಓಣಿ, ಬೇಕರಿ ದಾಟಿ, ಬಲಕ್ಕೆ ಮೂರನೆಯದು.
ಹೌದು, ಅದೇ.
ಬಾಗಿಲಿಗೆ ಹಿತ್ತಾಳೆಯ ಕಾಗದಗಂಡಿ, ಸ್ಪ್ರಿಂಗು ಬಿಗಿ,
ಚಳಿಗಾಲದಲ್ಲಿ ಬೆರಳು ಕಚ್ಚುತ್ತಿತ್ತು.
ತೆರಿಗೆಯವರ ನೀಲಿ ಲಕೋಟೆ ಬಿಟ್ಟರೆ
ಆ ಮನೆಗೆ
ಏನೂ ಬಂದದ್ದು ನೆನಪಿಲ್ಲ.